ಮನೆ ಹಿಂದಕ್ಕೆ ಹೋದ ದಿನ

ಒಂಬತ್ತನೇ ಕ್ಲಾಸಿಗೆ ಚಲನೆಯ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಮತ್ತಿಕೆರೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್ ನಾನು. ಪ್ರತಿ ವರ್ಷ ಆ ಪಾಠ ಬಂದಾಗ ಬೋರ್ಡಿನ ಮೇಲೆ ಅದೇ ವಾಕ್ಯ ಬರೆಯುತ್ತೇನೆ: ಕಾಲ ಕಳೆದಂತೆ ಒಂದು ವಸ್ತುವಿನ ಸ್ಥಾನ ಬದಲಾದರೆ ಅದು ಚಲನೆಯಲ್ಲಿದೆ, ಬದಲಾಗದಿದ್ದರೆ ನಿಶ್ಚಲವಾಗಿದೆ. ಆಮೇಲೆ ನಿಶ್ಚಲ ವಸ್ತುಗಳಿಗೆ ಉದಾಹರಣೆ ಕೊಡಿ ಅನ್ನುತ್ತೇನೆ. ಮನೆ, ಮರ, ಬೆಟ್ಟ ಅಂತಾರೆ. ಮತ್ತಿಕೆರೆಯಲ್ಲಿ ಬೆಟ್ಟ ಇಲ್ಲ, ಮರವೂ ಅಷ್ಟಕ್ಕಷ್ಟೇ, ಆದರೂ ಅಂತಾರೆ. ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಾರೆ, ನಾನೂ ಕಣ್ಣು ಮುಚ್ಚಿಕೊಂಡು ರೈಟ್ ಹಾಕುತ್ತೇನೆ. ಒಂದು ಸಲ ಒಬ್ಬ ಹುಡುಗಿ ಎದ್ದು ನಿಂತು, ಭೂಮಿ ಸುತ್ತುತ್ತೆ ಅಂದ್ಮೇಲೆ ಮನೆಯೂ ಸುತ್ತಬೇಕಲ್ವಾ ಮಿಸ್ ಅಂತ ಕೇಳಿದಳು. ಅದೆಲ್ಲ ಮುಂದೆ ಬರುತ್ತೆ, ಕೂತ್ಕೋ ಅಂದೆ.

ಈಗ ಹೇಳಹೊರಟಿರುವುದು ನಮ್ಮ ಮನೆ ಹೋದ ಕಥೆ. ಮನೆ ಹೋಯಿತು ಅಂದ ತಕ್ಷಣ ಕೋರ್ಟು, ಬ್ಯಾಂಕು, ಅಣ್ಣತಮ್ಮಂದಿರ ಜಗಳ ಅಂದುಕೊಳ್ಳಬೇಡಿ. ಮನೆ ಗಟ್ಟಿಮುಟ್ಟಾಗಿದೆ. ಮೊದಲಿದ್ದ ಜಾಗದಲ್ಲಿ ಇಲ್ಲ, ಅಷ್ಟೇ.

ಬ್ಯಾಟರಾಯನಪುರದಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆ ಅದು. ಅವರು ಕಟ್ಟಿಸಿದಾಗ ಎದುರಿಗೆ ರಾಗಿ ಹೊಲ, ಪಕ್ಕದಲ್ಲಿ ಹುಣಸೆ ಮರ, ಹಿಂದೆ ದನದ ಕೊಟ್ಟಿಗೆ. ಹೊಲ ಸೈಟಾಯಿತು, ಹುಣಸೆ ಮರ ಬೇಕರಿಯಾಯಿತು, ದನಗಳನ್ನು ಮಾರಿದರು. ಕೊಟ್ಟಿಗೆ ಬಿದ್ದ ಮೇಲೆ ಹಿತ್ತಲು ಮಾತ್ರ ಹಾಗೇ ಉಳಿಯಿತು, ಅಲ್ಲಿ ಒಂದು ಒಗೆಯುವ ಕಲ್ಲು, ಒಂದು ನುಗ್ಗೆ ಮರ. ಮುಂದಿನ ರಸ್ತೆ ಮಾತ್ರ ವರ್ಷ ವರ್ಷಕ್ಕೂ ಕೊಬ್ಬಿಕೊಂಡು ಬಂತು. ಕೊನೆಗೊಂದು ದಿನ ಪಾಲಿಕೆಯವರು ಬಂದು, ರಸ್ತೆ ಅಗಲ ಮಾಡ್ತೀವಿ ಅಂತ ನಮ್ಮ ಮನೆಯ ಬದಿಯ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು, ಬಾಣ ಹಾಕಿ, ಒಂದು ಲೋಟ ನೀರು ಕುಡಿದು ಹೋದರು. ಗೆರೆಯಿಂದ ಈಚೆಗೆ ಇದ್ದದ್ದೆಲ್ಲ ರಸ್ತೆಗೆ. ಮೆಟ್ಟಿಲು, ವರಾಂಡ, ನಡುಮನೆಯಲ್ಲಿ ಅರ್ಧ ಗೆರೆಯ ಈಚೆಗಿತ್ತು. ಟೀವಿ ರಸ್ತೆಯಲ್ಲಿ, ಸೋಫಾ ಮನೆಯಲ್ಲಿ.

ನಮ್ಮ ಯಜಮಾನರು ಕೊಡಿಗೇಹಳ್ಳಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಎಂಥ ಹೆದರುಪುಕ್ಕಲನ ಕೈಗೂ ಸ್ಟಿಯರಿಂಗ್ ಕೊಟ್ಟು ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಾ ಕೂರುವ ಮನುಷ್ಯ. ಗೆರೆ ಬಿದ್ದ ವಾರದಲ್ಲೇ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಇಡೀ ಮನೆಯನ್ನು ಬುಡದಲ್ಲಿ ಕತ್ತರಿಸಿ, ಜಾಕಿ ಕೊಟ್ಟು ಎತ್ತಿ, ಕಬ್ಬಿಣದ ಹಳಿ ಮೇಲೆ ರೋಲರ್ ಇಟ್ಟು, ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾರಂತೆ. ಹಿತ್ತಲಲ್ಲಿ ಜಾಗ ಇದೆ, ತಳ್ಳಿಸೋಣ ಅಂದರು. ನಿಮಗೆ ತಲೆ ಕೆಟ್ಟಿದೆ ಅಂದೆ. ಹದಿನೈದು ದಿನಕ್ಕೆ ತಳ್ಳುವವರೇ ಬಂದು ಹಿತ್ತಲು ಅಳೆಯುತ್ತಿದ್ದರು. ನನ್ನ ಮಾತಿಗೆ ಆ ಮನೆಯಲ್ಲಿ ಇದ್ದ ಕಿಮ್ಮತ್ತು ಇಷ್ಟು.

ಇದರಲ್ಲಿ ತೊಂದರೆ ಇದ್ದದ್ದು ಅತ್ತೆಯದು. ಅತ್ತೆಗೆ ಎರಡು ವರ್ಷದಿಂದ ತಲೆಸುತ್ತು. ಸಾಮಾನ್ಯ ತಲೆಸುತ್ತಲ್ಲ. ಬಟ್ಟೆ ಒಣಗಿಸಲು ತಲೆ ಎತ್ತಿದರೆ, ಮಲಗಿದ್ದವರು ಎದ್ದರೆ, ಇಡೀ ಮನೆ ಗರಗರ ತಿರುಗಿ ಒಂದು ಕಡೆಗೆ ಓಡಿದ ಹಾಗೆ ಆಗುತ್ತಿತ್ತು. ಮೊದಲ ಸಲ ಆದಾಗ ಅಡುಗೆಮನೆ ಬಾಗಿಲು ಹಿಡಿದುಕೊಂಡು, ಮನೆ ಓಡ್ತಾ ಐತೆ ಕಣಮ್ಮ, ಯಾರಾದ್ರೂ ಇಡ್ಕೊಳ್ರೋ ಅಂತ ಕೂಗಿದರು. ಆರ್.ಟಿ. ನಗರದ ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಕಿವಿಯೊಳಗೆ ಸಣ್ಣ ಹರಳುಗಳಿರುತ್ತವೆ, ಅವು ಜಾಗ ತಪ್ಪಿವೆ ಅಂದರು. ತಲೆಯನ್ನು ಹಾಗೆ ಹೀಗೆ ತಿರುಗಿಸಿ ಕೂರಿಸಿದರು, ಸುತ್ತು ಬಂದಾಗ ಅಲ್ಲಾಡದ ಒಂದನ್ನೇ ನೋಡ್ತಾ ಇರಿ ಅಂದರು. ನಾಲ್ಕು ದಿನ ಸರಿಹೋಯಿತು, ಐದನೇ ದಿನ ಮತ್ತೆ ಬಂತು. ಅತ್ತೆ ಬೀದಿಗೆಲ್ಲ ತನ್ನ ಕಿವಿಯೊಳಗೆ ಕಲ್ಲಿದೆ ಅಂತ ಹೇಳಿಕೊಂಡು ಬಂದರು. ಹೂವಿನವಳು ಒಂದು ವಾರ ಅವರ ಕಿವಿಯೊಳಗೆ ಇಣುಕಿ ನೋಡುತ್ತಿದ್ದಳು.

ನನ್ನ ಕೆಲಸವೇ ಪಾಠ ಹೇಳುವುದಾದ್ದರಿಂದ ನಾನು ಪಾಠ ಹೇಳಿದೆ. ಮನೆ ಓಡಲ್ಲ ಅತ್ತೆ, ಗೋಡೆ ಇದ್ದಲ್ಲೇ ಇದೆ, ನಿಮ್ಮ ಕಿವಿ ಮಾತ್ರ ಓಡ್ತಾ ಇದೆ ಅಂತ ಸುಳ್ಳು ಹೇಳುತ್ತೆ ಅಂದೆ. ಅತ್ತೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ನನ್ ಕಿವಿಯೊಳಗೆ ನೀನು ಕೂತಿದ್ದೀಯಾ?"

ಇಲ್ಲ ಅಂದೆ. ಅಲ್ಲಿಗೆ ಪಾಠ ಮುಗಿಯಿತು.

ಅತ್ತೆ ಓಡಾಡುತ್ತಿದ್ದದ್ದು ಗೋಡೆ ಹಿಡಿದುಕೊಂಡು. ಕೋಣೆ ಬಾಗಿಲ ಕಂಬ, ಬೀರುವಿನ ಮೂಲೆ, ದೇವರ ಮನೆ ಚೌಕಟ್ಟು, ಅಡುಗೆಮನೆ ಕಟ್ಟೆ. ಕಣ್ಣು ಮುಚ್ಚಿಕೊಂಡೂ ಹೋಗಬಲ್ಲರು. ಆದರೂ ಬಚ್ಚಲಲ್ಲಿ ಒಂದು ಸಲ ಬಿದ್ದು ಹಣೆ ಊದಿಸಿಕೊಂಡರು. ಆಗ ನಾದಿನಿ ರಂಗಕ್ಕಿಳಿದರು. ನಾದಿನಿ ನಮ್ಮ ಯಜಮಾನರಿಗಿಂತ ದೊಡ್ಡವರು, ನಾನು ಅಕ್ಕ ಅಂತೀನಿ. ಬಾಗಲಗುಂಟೆಯಲ್ಲಿ ಮನೆ, ಲಿಫ್ಟ್ ಇದೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸ್ಟೀಲ್ ಕಂಬಿ ಇದೆ, ಎದುರು ಮನೆಯಲ್ಲಿ ನರ್ಸ್ ಒಬ್ಬರಿದ್ದಾರೆ. ಅಮ್ಮನನ್ನು ಕರೆದುಕೊಂಡು ಹೋಗ್ತೀನಿ, ಇನ್ನು ಅಲ್ಲೇ ಇರಲಿ ಅಂದರು. ಅವರು ಕೆಟ್ಟವರಾಗಿದ್ದರೆ ಜಗಳ ಆಡಬಹುದಿತ್ತು. ಒಳ್ಳೆಯವರು, ಅದೇ ಕಷ್ಟ.

ಅತ್ತೆ ಬರಲ್ಲ ಅಂದರು. ಅಲ್ಲಿ ಗೋಡೆ ಎಲ್ಲೆಲ್ಲಿವೆ ಅಂತ ನಂಗೊತ್ತಿಲ್ಲ, ಈ ವಯಸ್ಸಲ್ಲಿ ಹೊಸ ಗೋಡೆ ಕಲಿಯಾಕಾಗಲ್ಲ ಅಂದರು.

ಎಲ್ಲರೂ ನನಗೆ ಖುಷಿಯಾಗಿರಬೇಕು ಅಂದುಕೊಂಡರು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ, ಅಂತೂ ನಿಮಗೆ ಬಿಡುಗಡೆ ಅಂತ ಅವರ ಡಬ್ಬಿಯಿಂದ ಒಂದು ಒಬ್ಬಟ್ಟು ಎತ್ತಿ ಕೊಟ್ಟರು. ಅವರದ್ದೂ ತಪ್ಪಿಲ್ಲ. ಅತ್ತೆ ನನ್ನ ಮುದ್ದೆಯನ್ನು ಮದುವೆಯಾದಾಗಿನಿಂದ ಗಂಟು ಗಂಟು ಅನ್ನುತ್ತಿದ್ದಾರೆ. ಕುಕ್ಕರ್ ವಿಷಯಕ್ಕೆ ನಾವಿಬ್ಬರೂ ಮೂರು ತಿಂಗಳು ಮಾತು ಬಿಟ್ಟಿದ್ದು ಇಡೀ ಸ್ಟಾಫ್ ರೂಮಿಗೆ ಗೊತ್ತು, ಯಾಕಂದರೆ ನಾನೇ ದಿನಾ ಹೇಳುತ್ತಿದ್ದೆ. ಒಬ್ಬಟ್ಟು ತಿಂದೆ. ಆವತ್ತು ಮಧ್ಯಾಹ್ನ ಕ್ಲಾಸಿನಲ್ಲಿ ಯಾರ ಮೇಲೆ ಸಿಟ್ಟು ಅಂತ ಗೊತ್ತಿಲ್ಲದೆ ಎಲ್ಲರಿಗೂ ಬೈದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಗೊತ್ತಾಯಿತು. ಅತ್ತೆ ಹೋಗುವುದು ನನಗೆ ಬೇಕಿರಲಿಲ್ಲ. ಇದನ್ನು ಯಾರಿಗೆ ಹೇಳುವುದು? ಅತ್ತೆಗಂತೂ ಹೇಳುವ ಹಾಗಿಲ್ಲ, ತಲೆ ಮೇಲೆ ಕೂತುಬಿಡುತ್ತಾರೆ.

ಮನೆ ತಳ್ಳುವ ಕೆಲಸದ ಮೇಸ್ತ್ರಿ ಉತ್ತರ ಭಾರತದ ಕಡೆಯವನು. ಕನ್ನಡ ಕಲಿತಿದ್ದ, ಗಂಡಸು ಹೆಂಗಸು ಎಲ್ಲರನ್ನೂ ಒಂದೇ ಥರ ಮಾತಾಡಿಸುತ್ತಿದ್ದ. ಅಮ್ಮ ಒಳಗೆ ಇರುತ್ತೆ, ಅಡುಗೆ ಮಾಡುತ್ತೆ, ಟೀ ಚೆಲ್ಲಲ್ಲ ಅಂದ. ಅತ್ತೆಗೆ ಆ ಮನುಷ್ಯ ತುಂಬಾ ಹಿಡಿಸಿದ. ನಾದಿನಿಗೆ ಮೈಯೆಲ್ಲ ಉರಿಯಿತು. ನಿಂತ ಮನೆಯನ್ನೇ ಓಡ್ತಾ ಇದೆ ಅನ್ನುವ ಹೆಂಗಸನ್ನು ಓಡುವ ಮನೆಯೊಳಗೆ ಕೂರಿಸ್ತೀರಾ, ನಿಮಗೇನಾದರೂ ಬುದ್ಧಿ ಇದೆಯಾ ಅಂತ ನಮ್ಮಿಬ್ಬರನ್ನೂ ಕೇಳಿದರು. ನ್ಯಾಯವಾದ ಪ್ರಶ್ನೆ.

ಉತ್ತರ ಕೊಟ್ಟದ್ದು ಅತ್ತೆ. ಮನೆ ಓಡಲು ಶುರುವಾಗುವ ದಿನ ನಾನು ಒಳಗೇ ಕೂರ್ತೀನಿ. ಆವತ್ತು ತಲೆ ಸುತ್ತಿದರೆ ಸಾಯಂಕಾಲವೇ ನಿನ್ನ ಜೊತೆ ಬಾಗಲಗುಂಟೆಗೆ ಬಂದುಬಿಡ್ತೀನಿ, ಆಮೇಲೆ ಈ ಮನೆ ಮಾತೆತ್ತಲ್ಲ. ಸುತ್ತಲಿಲ್ಲ ಅಂದರೆ ನೀನು ಬಾಗಲಗುಂಟೆ ಮಾತೆತ್ತಬಾರದು. ಮಗಳ ಹತ್ತಿರ ಹೀಗೆ ಪಂದ್ಯ ಕಟ್ಟಿದರು. ನಾದಿನಿ ತಕ್ಷಣ ಒಪ್ಪಿದರು, ಸುತ್ತದೆ ಇರುವ ದಿನವೇ ಅಪರೂಪ ಅಂತ ಅವರಿಗೆ ಗೊತ್ತು.

ನಾನು ಲೆಕ್ಕ ಹಾಕಿದೆ. ಮನೆ ಇರುವೆ ಹೋದ ಹಾಗೆ ಹೋಗುತ್ತೆ, ದಿನವಿಡೀ ತಳ್ಳಿದರೂ ಒಂದೆರಡು ಅಡಿ. ಒಂದೇ ಸಮ ಹೋಗುವ ವಸ್ತುವಿನೊಳಗೆ ಕೂತವರಿಗೆ ಅದು ಹೋಗುತ್ತಿರುವುದು ಗೊತ್ತಾಗುವುದಿಲ್ಲ, ಇದನ್ನು ನಾನೇ ಪಾಠ ಮಾಡುತ್ತೇನೆ. ಆದ್ದರಿಂದ ಮನೆಯ ಕಡೆಯಿಂದ ಭಯ ಇಲ್ಲ. ಭಯ ಅತ್ತೆಯ ಕತ್ತಿನ ಕಡೆಯಿಂದ. ಕತ್ತು ಎತ್ತದೆ, ಬಗ್ಗಿಸದೆ, ಮಲಗದೆ ಒಂದು ದಿನ ಕೂತುಬಿಟ್ಟರೆ ಗೆದ್ದ ಹಾಗೆ. ಆವತ್ತಿಗೆ ರಜೆ ಕೇಳಿದೆ. ಹೆಡ್‌ಮಿಸ್ಟ್ರೆಸ್, ಮನೆ ಶಿಫ್ಟಿಂಗಾ, ಯಾವ ಏರಿಯಾಗೆ ಅಂದರು. ಹಿತ್ತಲಿಗೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ ಸಹಿ ಹಾಕಿದರು.

ಎತ್ತುವುದಕ್ಕೇ ವಾರಗಟ್ಟಲೆ ಹಿಡಿಯಿತು. ಮನೆ ಮಂಡಿ ಎತ್ತರಕ್ಕೆ ಎದ್ದು ಜಾಕಿಗಳ ಮೇಲೆ ನಿಂತಿತು. ಹಲಗೆ ಹತ್ತಿ ಒಳಗೆ ಹೋಗುತ್ತಿದ್ದೆವು. ನೀರಿಗೆ ಪೈಪು, ಕರೆಂಟಿಗೆ ಉದ್ದನೆಯ ವೈರು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಫೋಟೋ ಹೊಡೆದುಕೊಂಡರು. ಒಬ್ಬ ಬೈಕ್ ನಿಲ್ಲಿಸಿ, ಮೇಲಿನ ಪೋರ್ಷನ್ ಬಾಡಿಗೆಗೆ ಇದೆಯಾ ಮೇಡಂ ಅಂತ ಕೇಳಿದ. ಮೇಲೆ ಪೋರ್ಷನ್ನೇ ಇಲ್ಲ.

ಇನ್ನು ಮುಹೂರ್ತದ ವಿಷಯ. ಮುಹೂರ್ತ ನೋಡದೆ ನಮ್ಮ ಮನೆಯಲ್ಲಿ ಗ್ಯಾಸ್ ಸ್ಟವ್ ಕೂಡ ತಂದಿಲ್ಲ. ಯಜಮಾನರು ಪುರೋಹಿತರ ಹತ್ತಿರ ಹೋದರು. ಪುರೋಹಿತರು ಪಂಚಾಂಗ ತಿರುವಿ ಹಾಕಿ ಬಹಳ ಹೊತ್ತು ಯೋಚನೆ ಮಾಡಿದರಂತೆ. ಗೃಹಪ್ರವೇಶ ಅಂದರೆ ಮನೆ ನಿಂತಿರುತ್ತೆ, ನಾವು ಹೋಗ್ತೀವಿ. ಇಲ್ಲಿ ನಾವು ಕೂತಿರ್ತೀವಿ, ಮನೆ ಹೋಗುತ್ತೆ. ಶಂಕುಸ್ಥಾಪನೆ ಅನ್ನೋಣ ಅಂದರೆ ಹೊಸದೇನೂ ಕಟ್ಟುತ್ತಿಲ್ಲ. ಪ್ರಯಾಣ ಅನ್ನೋಣ ಅಂದರೆ ಹೊರಟಿರುವುದು ಮನುಷ್ಯರಲ್ಲ. ಕೊನೆಗೆ, ಹೋಗುವ ವಸ್ತು ತಾನೇ, ವಾಹನದ ಮುಹೂರ್ತವೇ ಇರಲಿ ಅಂತ ಗುರುವಾರ ಬೆಳಿಗ್ಗೆಯ ಒಂದು ಗಳಿಗೆ ಬರೆದುಕೊಟ್ಟರು.

ವಾಹನ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ನಮ್ಮ ಯಜಮಾನರಿಗೆ ಹುರುಪು ಬಂತು. ಇಷ್ಟು ದಿನ ಅದು ಅವರಪ್ಪ ಕಟ್ಟಿಸಿದ ಮನೆಯಾಗಿತ್ತು, ಈಗ ಅವರ ಕಸುಬಿನ ವ್ಯಾಪ್ತಿಗೆ ಬಂತು. ಗುರುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಮನೆಯ ಮೂತಿಗೆ ಅಡ್ಡಡ್ಡ ಚೆಂಡು ಹೂವಿನ ಹಾರ, ಎರಡು ಕಿಟಕಿಗೂ ಅರಿಶಿನ ಕುಂಕುಮ, ಬಾಗಿಲ ಎರಡೂ ಕಡೆ ಬಾಳೆಕಂದು. ಲಾರಿಗೆ ಮಾಡುವುದನ್ನೆಲ್ಲ ಮಾಡಿದ್ದರು. ರಸ್ತೆಯಲ್ಲಿ ಬೂದುಗುಂಬಳ ಒಡೆದರು. ಆಮೇಲೆ ಬಗ್ಗಿ, ಮನೆಯ ಮುಂದಿನ ಸಾಲಿನ ಒಂದೊಂದು ರೋಲರಿನ ಮುಂದೂ, ರಸ್ತೆ ಕಡೆಗೆ, ಹಳಿಯ ಮೇಲೆ ಒಂದೊಂದು ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಹೊರಟರೆ ದೃಷ್ಟಿ ಕಳೆಯುತ್ತದೆ ಅಂತ ಲೆಕ್ಕ. ಅತ್ತೆಯೂ ಒಳಗಿನಿಂದಲೇ ನೋಡಿ ಕೈ ಮುಗಿದರು. ನನ್ನ ಗಮನವೆಲ್ಲ ಅತ್ತೆಯ ಕತ್ತಿನ ಮೇಲಿತ್ತು.

ನಾದಿನಿ ಒಂಬತ್ತಕ್ಕೆಲ್ಲ ಬಂದರು. ಹಲಗೆ ಹತ್ತಿ ಒಳಗೆ ಬಂದು, ಅಮ್ಮನ ಸೀರೆ, ರವಿಕೆ, ಮಾತ್ರೆ, ಶಾಲು ಎಲ್ಲ ಒಂದು ಬ್ಯಾಗಿಗೆ ತುಂಬಿ ನಡುಮನೆಯಲ್ಲಿ ಇಟ್ಟರು. ಅಮ್ಮನ ಕೆನ್ನೆ ಸವರಿ, ಇಳಿದು ಹೋಗಿ, ಪಕ್ಕದ ಮನೆ ಕಾಂಪೌಂಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ನಮ್ಮ ಕಿಟಕಿಗೆ ಎದುರಾಗಿ ಕೂತರು. ಓಡುವ ಮನೆಯೊಳಗೆ ನಾನು ಸತ್ತರೂ ಕಾಲಿಡಲ್ಲ ಅಂದರು.

ಒಳಗೆ ಅತ್ತೆಯನ್ನು ಕೈ ಇರುವ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಎರಡೂ ಪಕ್ಕಕ್ಕೆ ದಿಂಬು ಕೊಟ್ಟು, ಎದುರಿಗೆ ನಾನು ಕೂತೆ. ಮಧ್ಯದ ಟೀಪಾಯಿ ಮೇಲೆ ತುಂಬಿದ ಲೋಟ ನೀರು. ಅದು ನನ್ನ ಏರ್ಪಾಡು. ಹೊರಗೆ ಮೇಸ್ತ್ರಿ ಸೀಟಿ ಊದಿದ. ಸೀಟಿಗೊಂದು ಸಲ ಎಲ್ಲ ಕೆಲಸಗಾರರೂ ತಮ್ಮ ತಮ್ಮ ಜಾಕಿಯನ್ನು ಒಂದೇ ಅಳತೆ ತಿರುಗಿಸಬೇಕು. ಊದಿದ, ತಿರುಗಿಸಿದರು. ಊದಿದ, ತಿರುಗಿಸಿದರು. ಲೋಟದ ನೀರು ಅಲ್ಲಾಡಲಿಲ್ಲ.

"ಒಂಟ್ತೇನಮ್ಮ ಮನೆ?" ಅಂದರು ಅತ್ತೆ.

ಹೊರಟಿತು ಅಂದೆ.

"ನಿಂಬೆಣ್ಣು ಒಡೀತಾ?"

ಕಿಟಕಿಯಿಂದ ಯಜಮಾನರನ್ನು ಕೇಳಿದೆ. ಇನ್ನೂ ಇಲ್ಲ ಅಂದರು. ಹಾಗಾದರೆ ಇನ್ನೂ ಹೊರಟಿಲ್ಲ ಅಂತ ಅತ್ತೆ ತೀರ್ಮಾನ ಕೊಟ್ಟರು. ಪಕ್ಕದ ಕಿಟಕಿಯಿಂದ ಪಕ್ಕದ ಮನೆಯ ನೀರಿನ ಪೈಪು ಕಾಣುತ್ತಿತ್ತು. ಆಗಲೇ ಅದು ಕಿಟಕಿಯ ಒಂದು ಸರಳನ್ನು ದಾಟಿತ್ತು. ನೋಡಿ ಅತ್ತೆ, ತಲೆ ತಿರುಗಿಸಬೇಡಿ, ಕಣ್ಣು ಮಾತ್ರ ತಿರುಗಿಸಿ ನೋಡಿ, ಪೈಪು ಎಲ್ಲಿತ್ತು, ಎಲ್ಲಿಗೆ ಹೋಯಿತು ಅಂದೆ. ಅತ್ತೆ ಕಣ್ಣು ಮಾತ್ರ ತಿರುಗಿಸಿ ನೋಡಿದರು. ಪಕ್ಕದ ಮನೆ ರಸ್ತೆ ಕಡೆಗೆ ಹೋಗ್ತಾ ಇದೆ, ಅವರಿಗೆ ಯಾರಾದರೂ ಹೇಳಿ ಅಂದರು. ತಪ್ಪು ಅನ್ನಲು ಬಾಯಿ ತೆರೆದೆ. ನಮ್ಮನ್ನು ನಿಶ್ಚಲ ಅಂತ ಇಟ್ಟುಕೊಂಡರೆ ಅವರು ಹೇಳಿದ್ದು ಸರಿಯೇ. ಬಾಯಿ ಮುಚ್ಚಿದೆ.

ಹತ್ತೂವರೆಗೆ ಮನೆ ಒಂದು ಗೇಣು ಹೋಗಿತ್ತು. ನಿಂಬೆಹಣ್ಣು ಒಡೆದಿರಲಿಲ್ಲ. ಯಜಮಾನರು ಕುಕ್ಕರಗಾಲಿನಲ್ಲಿ ಕೂತು ಅವನ್ನೇ ನೋಡುತ್ತಿದ್ದರು. ಮೊದಲು ರೋಲರಿಗೂ ಹಣ್ಣಿಗೂ ಮಧ್ಯೆ ಬೆರಳು ತೂರುವಷ್ಟು ಸಂದಿ ಇತ್ತಂತೆ, ಈಗ ಕೈ ತೂರುವಷ್ಟು ಆಗಿದೆಯಂತೆ. ಹಣ್ಣು ಜಾರುತ್ತಿದೆಯೇನೋ ಅಂತ ಹಿಂದೆ ಸಣ್ಣ ಕಲ್ಲು ಕೊಟ್ಟರು. ಕೊನೆಗೆ ಮೇಸ್ತ್ರಿಯೇ ಬಂದು, ಸಾರ್, ಮನೆ ಆ ಕಡೆ ಹೋಗುತ್ತೆ, ಹಣ್ಣು ಈ ಕಡೆ ಯಾಕೆ ಇದೆ ಅಂತ ಮೆಲ್ಲಗೆ ಕೇಳಿದ.

ನಮ್ಮ ಯಜಮಾನರು ಜೀವಮಾನವಿಡೀ ಜನಕ್ಕೆ ರಿವರ್ಸ್ ಹೇಳಿಕೊಟ್ಟವರು. ಹಿಂದೆ ನೋಡ್ರೀ, ಹಿಂದೆ ನೋಡ್ರೀ ಅಂತ ನಿದ್ದೆಯಲ್ಲೂ ಅನ್ನುತ್ತಾರೆ. ಗಾಡಿ ಅಂದರೆ ಮುಂದಕ್ಕೆ, ಮುಂದೆ ಅಂದರೆ ಬಾಗಿಲಿರುವ ಕಡೆ ಅಂದುಕೊಂಡು ಹಣ್ಣಿಟ್ಟಿದ್ದರು. ಮನೆ ರಿವರ್ಸ್‌ನಲ್ಲಿತ್ತು. ಅವರು ಎದ್ದು ನಿಂತು ಪಂಚೆ ಕೊಡವಿಕೊಂಡು ಸ್ವಲ್ಪ ಹೊತ್ತು ನುಗ್ಗೆ ಮರ ನೋಡಿದರು. ಆಮೇಲೆ ಹಣ್ಣುಗಳನ್ನು ಎತ್ತಿ ಹಿಂದಿನ ಸಾಲಿಗೆ ಇಡಲು ಹೋದರು. ಒಳಗಿಂದ ಅತ್ತೆ ಬೇಡ ಅಂದರು. ಪೂಜೆ ಮಾಡಿ ಇಟ್ಟದ್ದನ್ನು ಒಡೆಯುವ ಮೊದಲು ಎತ್ತಬಾರದು. ಹಾಗಾಗಿ ಹಣ್ಣು ಅಲ್ಲೇ ಇದ್ದವು, ಮನೆ ಅವುಗಳನ್ನು ಬಿಟ್ಟು ಹೋಗುತ್ತಲೇ ಇತ್ತು.

ಅತ್ತೆಗೆ ಇದರಿಂದ ಒಂದು ದಾರಿ ಸಿಕ್ಕಿತು. ಹಣ್ಣು ಒಡೆಯದೆ ಮನೆ ಹೊರಟ ಹಾಗಲ್ಲ, ಮನೆ ಹೊರಡದೆ ಪಂದ್ಯ ಶುರುವಾದ ಹಾಗಲ್ಲ ಅಂತ ಕಿಟಕಿಯಿಂದ ಮಗಳಿಗೆ ಹೇಳಿದರು. ನಾದಿನಿ ಕುರ್ಚಿಯಿಂದಲೇ, ಸೀಟಿ ಊದಿದಾಗಲೇ ಶುರುವಾಯಿತು, ಕಳ್ಳಾಟ ಬೇಡ ಅಂದರು. ಇಬ್ಬರೂ ಟೀಚರಮ್ಮ ಹೇಳಲಿ ಅಂದರು. ಮನೆ ಹೊರಟಿದೆ, ಪಂದ್ಯ ಶುರುವಾಗಿದೆ ಅಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಏನು ಮಾಡಲಿ, ನಾನು ಸಂಬಳ ತಗೊಳ್ಳುವುದು ಅದಕ್ಕೆ.

ಊಟದ ಹೊತ್ತಿನ ತನಕ ಏನೂ ಆಗಲಿಲ್ಲ. ಅತ್ತೆ ಕಲ್ಲು ಕೂತ ಹಾಗೆ ಕೂತಿದ್ದರು. ಹೋಗುತ್ತಿರುವ ಅಡುಗೆಮನೆಯಲ್ಲಿ ನಾನು ಸೊಪ್ಪಿನ ಸಾರು, ಮುದ್ದೆ ಮಾಡಿದೆ. ಮುದ್ದೆ ಎಂದಿಗಿಂತ ಚೆನ್ನಾಗಿ ಬಂತು, ಅತ್ತೆ ಗಂಟು ಅಂದರು. ನಾದಿನಿಗೆ ಯಜಮಾನರ ಕೈಯಲ್ಲಿ ತಟ್ಟೆ ಕಳಿಸಿದೆ. ಹೊರಗೆ ಸೀಟಿ ನಿಂತಿತು, ಕೆಲಸಗಾರರು ನುಗ್ಗೆ ಮರದ ನೆರಳಲ್ಲಿ ಚಪಾತಿ ಬಿಚ್ಚಿಕೊಂಡು ಕೂತರು. ಅರ್ಧ ದಿನ ಕಳೆಯಿತು ಅಂತ ನನಗೆ ಉಸಿರು ಬಂತು.

ಕೈ ತಟ್ಟೆಯಲ್ಲೇ ತೊಳೆಯಿರಿ ಅತ್ತೆ, ನೀರು ಹಾಕ್ತೀನಿ ಅಂದೆ. ತಟ್ಟೆಯಲ್ಲಿ ಕೈ ತೊಳೆಯುವುದು ಅವರ ಅಮ್ಮನ ಮನೆಯಲ್ಲೂ ಇಲ್ಲ, ಅತ್ತೆ ಮನೆಯಲ್ಲೂ ಇಲ್ಲವಂತೆ. ನಾನು ಚೊಂಬು ತರುವಷ್ಟರಲ್ಲಿ ಎದ್ದು, ಬೀರುವಿನ ಮೂಲೆ ಹಿಡಿದು, ಚೌಕಟ್ಟು ಹಿಡಿದು ಬೇಸಿನ್ ಹತ್ತಿರ ಹೋಗಿ, ಬಗ್ಗಿ ಬಾಯಿ ಮುಕ್ಕಳಿಸಿ, ತಲೆ ಎತ್ತಿದರು.

ಬಂತು.

ಚೊಂಬು ಬಿಸಾಕಿ ಹೋಗಿ ಹಿಡಿದುಕೊಂಡೆ. ಇಬ್ಬರೂ ಬೇಸಿನ್ ಕೆಳಗೆ ನೆಲದ ಮೇಲೆ ಕುಸಿದು ಕೂತೆವು. ಅವರ ಉಗುರು ನನ್ನ ರಟ್ಟೆಗೆ ಇಳಿದಿತ್ತು. ಕಣ್ಣು ನನ್ನ ಮುಖದ ಮೇಲೆ ನೆಟ್ಟಿದ್ದರು, ಯಾವಾಗಲೂ ಹಾಗೇ. ತಲೆಸುತ್ತು ಬಂದಾಗಲೆಲ್ಲ ಅವರು ನನ್ನನ್ನು ಹೀಗೆ ನೋಡುವುದನ್ನು, ಇದೂ ನನ್ನದೇ ತಪ್ಪು ಅಂತ ಗುರಾಯಿಸುವುದು ಅಂತಲೇ ನಾನು ತಿಳಿದಿದ್ದೆ. ಹಲಗೆ ದಡದಡ ಅಂದಿತು. ಸತ್ತರೂ ಒಳಗೆ ಕಾಲಿಡಲ್ಲ ಅಂದಿದ್ದ ನಾದಿನಿ ಎಂಜಲು ಕೈಯಲ್ಲೇ ಓಡಿ ಬಂದು ನಮ್ಮ ಪಕ್ಕ ಮಂಡಿಯೂರಿದರು. ಅಮ್ಮನನ್ನು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಮುಗಿಯುವ ತನಕ ಮೂವರೂ ಹಾಗೇ ಇದ್ದೆವು.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರೇ ಮೊದಲು ಮಾತಾಡಿದ್ದು. ಇದು ಲೆಕ್ಕಕ್ಕಿಲ್ಲ, ಗಾಡಿ ಹ್ಯಾಂಡ್ ಬ್ರೇಕ್‌ನಲ್ಲಿತ್ತು, ಎಲ್ಲರೂ ಊಟಕ್ಕೆ ಕೂತಿದ್ದರು ಅಂದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ತಲೆ ಸುತ್ತಿದ್ದು ದಿಟ. ಸೋತೆ. ಬತ್ತೀನಿ ನಡಿ."

ನನಗೆ ಪಿತ್ತ ನೆತ್ತಿಗೇರಿತು. ಅದು ಹೇಗೆ ಸೋತಿರಿ ಅತ್ತೆ ಅಂದೆ. ನಿಂಬೆಹಣ್ಣು ಒಡೆದಿಲ್ಲ. ಬೇಕಾದರೆ ಹೋಗಿ ನೋಡಿ, ಒಂದೂ ಒಡೆದಿಲ್ಲ. ಹಣ್ಣು ಒಡೆಯದೆ ಮನೆ ಹೊರಟ ಹಾಗಲ್ಲ ಅಂತ ಹಿರಿಯರು ನೀವೇ ಹೇಳಿದ್ದೀರಿ. ಹೊರಡದ ಮೇಲೆ ಪಂದ್ಯ ಎಲ್ಲಿಯದು? ಬೆಳಿಗ್ಗೆಯಿಂದ ಈ ಮನೆ ಇದ್ದಲ್ಲೇ ಇದೆ. ಪಕ್ಕದ ಮನೆ ಹೋಗ್ತಾ ಇದೆ. ಹೀಗೆ ಒಂದೇ ಉಸಿರಿಗೆ ಹೇಳಿ, ನಾನು ಏನು ಹೇಳುತ್ತಿದ್ದೇನೆ ಅಂತ ನನಗೇ ಕೇಳಿಸಿ ಸುಮ್ಮನಾದೆ. ಯಜಮಾನರು ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡುತ್ತಿದ್ದರು.

ನಾದಿನಿ ಅಮ್ಮನ ಕಡೆ ತಿರುಗಿದರು. ಸುತ್ತುವಾಗ ಅಲ್ಲಾಡದ ಯಾವುದಾದರೂ ಒಂದನ್ನು ನೋಡುತ್ತಾ ಇರಬೇಕು ಅಂತ ಡಾಕ್ಟರ್ ಹೇಳಿದ್ದರಲ್ಲ, ನೀನು ಏನು ನೋಡ್ತೀಯ ಅಂತ ಅಮ್ಮನನ್ನು ಕೇಳಿದರು.

"ಇವಳ್ ಮಕ," ಅಂದರು ಅತ್ತೆ. "ಗೋಡೆ ಓಡ್ತದೆ, ನೆಲ ಓಡ್ತದೆ, ದೇವರ ಪಟಾನೂ ಓಡ್ತದೆ. ಇವಳ್ ಮಕ ಒಂದು ನಿಂತಿರ್ತದೆ."

ನಾದಿನಿ ಬಗ್ಗಿ ನನ್ನ ಮುಖವನ್ನು ಒಂದು ಸಲ ನೋಡಿದರು.

"ನಮ್ಮನೇಲಿ ಯಾರ ಮುಖ ನೋಡ್ತೀಯ ಅಮ್ಮ?"

ಅತ್ತೆಗೆ ಮುಲಾಜಿಗೆ ಮಾತಾಡುವ ಅಭ್ಯಾಸ ಇಲ್ಲ. ಯೋಚನೆ ಮಾಡಿಯೇ ಹೇಳಿದರು.

"ನೀನು ಒಂದ್ ಕಡೆ ನಿಲ್ಲಾಕಿಲ್ಲ ಕಣಮ್ಮ."

ನಾದಿನಿಗೆ ನಗು ಬಂತೋ ಅಳು ಬಂತೋ, ಎರಡೂ ಬಂತು. ಎದ್ದು ಕೈ ತೊಳೆದುಕೊಂಡು, ನಡುಮನೆಗೆ ಹೋಗಿ ಬ್ಯಾಗಿನ ಜಿಪ್ ಎಳೆದರು. ಬೆಳಿಗ್ಗೆ ತುಂಬಿದ ಸೀರೆಗಳನ್ನು ಒಂದೊಂದಾಗಿ ತೆಗೆದು, ಮಡಿಕೆ ಕೆಡದ ಹಾಗೆ ಬೀರುವಿಗೆ ವಾಪಸ್ ಇಡತೊಡಗಿದರು. ಶಾಲನ್ನು ಮಾತ್ರ ಒಂದು ಸಲ ಮೂಗಿಗೆ ಹಿಡಿದು ಆಮೇಲೆ ಒಳಗಿಟ್ಟರು.

ಹೊರಗೆ ಮತ್ತೆ ಸೀಟಿ ಕೇಳಿಸಿತು. ನಾವು ಬೇಸಿನ್ ಕೆಳಗೇ ಕೂತಿದ್ದೆವು, ಅತ್ತೆಯ ಕೈ ನನ್ನ ರಟ್ಟೆ ಬಿಟ್ಟಿರಲಿಲ್ಲ. ನನ್ನ ಕಣ್ಣಿನಿಂದ ನೀರು ಇಳಿದು ಮೂಗಿನ ತುದಿಗೆ ಬಂದು ನಿಂತಿತ್ತು, ಕೆರೆಯುತ್ತಿತ್ತು. ಎರಡೂ ಕೈಯಲ್ಲಿ ಅತ್ತೆಯನ್ನು ಹಿಡಿದಿದ್ದೆ, ಒರೆಸಿಕೊಳ್ಳಬೇಕೆಂದರೆ ತಲೆ ಬಗ್ಗಿಸಿ ಭುಜಕ್ಕೆ ಉಜ್ಜಬೇಕು. ಅತ್ತೆ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಗ್ಗಿಸಲಿಲ್ಲ.